ಶುಕೂರಾಕನ ಎಡಗಡೆಯ ಟಪ್

ಗಲ್ಫಿನಿಂದ ರಜೆಯಲ್ಲಿ ಬರುವ ಮನುಷ್ಯನಿಗೂ ‘ಕ್ಯಾನ್ಸಲ್ ಮಾಡಿ’ ಬರುವ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ಪಾಣೆಮಂಗಳೂರಿನ ಅಬ್ದುಲ್ ಶುಕೂರ್ ಅವರಷ್ಟು ಚೆನ್ನಾಗಿ ಅರಿತವರು ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬರು ಇರಲಾರರು. ರಜೆಯಲ್ಲಿ ಬಂದವನಿಗೆ ವಾಪಸು ಹೋಗುವ ದಿನ ಅಂತ ಒಂದಿರುತ್ತದೆ. ಆದ್ದರಿಂದ ಅದಕ್ಕೆ ಮೊದಲು ಅವನನ್ನು ನೋಡಲು ಜನ ಬರುತ್ತಾರೆ. ವೀಸಾ ಕ್ಯಾನ್ಸಲ್ ಮಾಡಿ ಬಂದವನು ಎಲ್ಲಿಗೂ ಹೋಗುವುದಿಲ್ಲ. ಅವನನ್ನು ನಾಳೆ ನೋಡಿದರೂ ಆದೀತು. ಹಾಗೆ ನಾಳೆ ನಾಳೆ ಎನ್ನುತ್ತಾ ಊರು ಶುಕೂರಾಕನನ್ನು (ಊರಿನ ಬಾಯಲ್ಲಿ ಅವರ ಹೆಸರು ಅದೇ) ನೋಡದೆ ಕೆಲವು ವರ್ಷಗಳೇ ಆಗಿದ್ದವು.

ಶಾರ್ಜಾದ ಒಂದು ದೊಡ್ಡ ಅಂಗಡಿಯಲ್ಲಿ ಅವರು ಬಹುಕಾಲ ಸ್ಟೀರಿಯೋ ವಿಭಾಗ ನೋಡಿಕೊಂಡಿದ್ದರು. ಗಾಜಿನ ಕೋಣೆ, ಅದರೊಳಗೆ ಒಂದು ಮೆತ್ತನೆಯ ಸೋಫಾ. ಗಿರಾಕಿಯನ್ನು ಸೋಫಾದಲ್ಲಿ ಕೂರಿಸಿ, ಹಾಡು ಹಾಕಿ, ಬಾಗಿಲ ಹತ್ತಿರ ಕೈಕಟ್ಟಿ ನಿಲ್ಲುವುದು ಶುಕೂರಾಕನ ಕೆಲಸ. ಆ ಸೋಫಾದಲ್ಲಿ ಅವರು ಒಮ್ಮೆಯೂ ಕೂತವರಲ್ಲ. ಊರಿಗೆ ಮರಳಿದ ಮೇಲೆ ತಾನೇ ಕೂತು, ತಾನೇ ಕೇಳಬೇಕು ಎಂಬುದು ಅವರ ಜೀವನದ ಒಂದೇ ಒಂದು ದುರಾಸೆ.

ಊರಿಗೆ ಬಂದು ನೋಡಿದರೆ ಮನೆಯಲ್ಲಿ ಕೂರಲು ಜಾಗವೇ ಇರಲಿಲ್ಲ. ಗಂಡ ಊರಲ್ಲಿಲ್ಲದ ಆ ಕಾಲದಲ್ಲಿ ಹೆಂಡತಿ ಖದೀಜ ಮನೆ ಕಟ್ಟಿಸಿದ್ದರು, ಮಗಳು ರಾಫಿಯಾಳನ್ನು ಬೆಳ್ತಂಗಡಿಗೆ ಮದುವೆ ಮಾಡಿ ಕೊಟ್ಟಿದ್ದರು, ಮಗ ನಿಝಾಮ್‌ನನ್ನು ಸೌದಿಯ ಜುಬೈಲಿಗೆ ಕಳಿಸಿದ್ದರು, ಸ್ಕೂಟರ್ ಕಲಿತಿದ್ದರು. ಈಗ ಮದುವೆ, ನಿಶ್ಚಿತಾರ್ಥಗಳಿಗೆ ಪತ್ತಿರ್ ಎಂಬ ಅಕ್ಕಿರೊಟ್ಟಿ ಮತ್ತು ನೈಚೋರು ಎಂಬ ತುಪ್ಪದ ಅನ್ನ ಮಾಡಿಕೊಡುವ ಆರ್ಡರ್ ಹಿಡಿದು, ನೆರೆಯ ಐಸಮ್ಮ ಮತ್ತು ಜುಲೈಕಾರನ್ನು ಕೂಡಿಸಿಕೊಂಡು ಅಡಿಗೆಮನೆಯನ್ನು ಕಾರ್ಖಾನೆ ಮಾಡಿದ್ದರು. ಬೆಳಗಿನಿಂದ ಅಲ್ಲಿ ಮಾತು, ನಗು, ಹಿಟ್ಟು, ಹೊಗೆ. ಶುಕೂರಾಕ ನೀರು ಕುಡಿಯಲು ಒಳಗೆ ಕಾಲಿಟ್ಟರೆ ಸಾಕು, ಐಸಮ್ಮ ಸೆರಗು ಎಳೆದುಕೊಳ್ಳುತ್ತಿದ್ದರು, ಜುಲೈಕಾ ಗೋಡೆ ನೋಡುತ್ತಿದ್ದಳು, ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಅವರು ನೀರು ಕುಡಿದು, ಲೋಟ ತೊಳೆದಿಟ್ಟು, ಹೊರಗೆ ಬಂದ ಕೂಡಲೇ ಮತ್ತೆ ಶುರು. ತನ್ನ ಮನೆಯ ಅಡಿಗೆಮನೆಯಲ್ಲಿ ತಾನೊಂದು ವಿರಾಮ ಚಿಹ್ನೆ ಎಂದು ಅರ್ಥವಾದ ದಿನ ಶುಕೂರಾಕ ಮಹಡಿ ಹತ್ತಿದರು.

ಮಹಡಿಯ ಕೋಣೆಯ ಬಲಭಾಗವೆಲ್ಲ ಖದೀಜರ ಆರ್ಡರಿನ ದೊಡ್ಡ ದೊಡ್ಡ ಪಾತ್ರೆಗಳಿಗೆ ಮೀಸಲು. ಉಳಿದ ಎಡಭಾಗದಲ್ಲಿ ಒಂದು ಕುರ್ಚಿ ಹಾಕಿ, ಶುಕೂರಾಕ ತಮ್ಮ ಕನಸಿನ ಸೆಟ್ಟನ್ನು ಜೋಡಿಸಿದರು. ಅದರಲ್ಲಿ ಸ್ಟ್ರೀಮರ್ ಎಂಬ ಪೆಟ್ಟಿಗೆ ಇಂಟರ್ನೆಟ್ಟಿನಿಂದ ಹಾಡನ್ನು ಬರೀ ಅಂಕಿಗಳಾಗಿ ಎಳೆದು ತರುತ್ತದೆ. ಡ್ಯಾಕ್ ಎಂಬ ಇನ್ನೊಂದು ಪೆಟ್ಟಿಗೆ ಆ ಅಂಕಿಗಳನ್ನು ಸ್ವರ ಮಾಡಿ ಮುಂದಕ್ಕೆ ಕೊಡುತ್ತದೆ. ಇದನ್ನು ಅವರು ಖದೀಜರಿಗೆ ಬಹಳ ತಾಳ್ಮೆಯಿಂದ ವಿವರಿಸಿದ್ದರು.

‘‘ಅಂದರೆ ರೇಡಿಯೋವಾ?’’ ಎಂದು ಖದೀಜ ಕೇಳಿದರು.

‘‘ರೇಡಿಯೋ ಅಲ್ಲ.’’

‘‘ಹಾಗಾದರೆ ಇದರಲ್ಲಿ ಹಾಡು ಬರುವುದಿಲ್ಲವಾ?’’

‘‘ಬರ್ತದೆ. ಹಾಡುವವನು ಉಸಿರು ತೆಗೊಳ್ಳುವುದು ಸಹ ಕೇಳ್ತದೆ!’’

‘‘ಉಸಿರು ಕೇಳಿ ಎಂತ ಮಾಡ್ಲಿಕ್ಕುಂಟು?’’ ಎಂದು ಖದೀಜ ಕೆಳಗಿಳಿದರು. ಗ್ಯಾಸಿನ ಮೇಲೆ ಏನೋ ಇತ್ತು.

ಆದರೂ ಶುಕೂರಾಕ ಸಿಕ್ಕಿದವರಿಗೆಲ್ಲ ‘‘ಒಮ್ಮೆ ಮನೆಗೆ ಬನ್ನಿ, ಉಸಿರು ಕೇಳಿಸ್ತೇನೆ’’ ಎನ್ನುತ್ತಿದ್ದರು. ಈ ಆಮಂತ್ರಣಕ್ಕೆ ಜನ ಹೆದರಿದರೋ ಏನೋ, ಯಾರೂ ಬರಲಿಲ್ಲ. ಬಿ.ಸಿ.ರೋಡಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಖದೀಜರ ತಮ್ಮ ಉನೈಸ್ ‘‘ಬರುವ ಭಾವ, ಬರುವ’’ ಎನ್ನುತ್ತಲೇ ಇದ್ದ. ಮಿಜಾರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಮೂಡುಬಿದಿರೆಯ ಸಂಪತ್‌ಕುಮಾರರು ಮಾತ್ರ ಈ ವಿಷಯದಲ್ಲಿ ಶುಕೂರಾಕನ ಆತ್ಮಬಂಧು. ಅದೂ ಫೋನಿನಲ್ಲಿ. ಇಬ್ಬರೂ ಇಂಥ ಪೆಟ್ಟಿಗೆಗಳ ಹುಚ್ಚಿರುವವರ ಒಂದು ವಾಟ್ಸಾಪ್ ಗುಂಪಿನಲ್ಲಿ ಪರಿಚಯವಾದವರು, ಮುಖ ನೋಡಿದವರಲ್ಲ.

ಹೀಗಿರುತ್ತ ಒಂದು ದಿನ ಡ್ಯಾಕ್ ‘ಟಪ್’ ಎಂದಿತು.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನಲ್ಲಿ, ಯಾರೋ ಸ್ಪೀಕರಿನೊಳಗಿಂದ ಬೆರಳಲ್ಲಿ ಬಡಿದ ಹಾಗೆ ಟಪ್. ಸ್ವಲ್ಪ ಹೊತ್ತಾದ ಮೇಲೆ ಹಾಡಿನ ಮಧ್ಯದಲ್ಲಿ ಟಿಕ್. ಮತ್ತೊಂದು ಟಿಕ್. ಶುಕೂರಾಕ ಕೇಬಲ್ ಬದಲಾಯಿಸಿದರು, ಟಪ್. ಫ್ಯಾನ್ ನಿಲ್ಲಿಸಿ ಬೆವರುತ್ತ ಕೂತರು, ಟಿಕ್. ಡ್ಯಾಕಿನ ಕೆಳಗೆ ರಬ್ಬರ್ ಇಟ್ಟರು, ಮೇಲೆ ಬಟ್ಟೆ ಹೊದಿಸಿದರು, ಬಿಸ್ಮಿ ಹೇಳಿ ಸ್ವಿಚ್ ಹಾಕಿದರು. ಟಪ್, ಟಿಕ್. ಕೊನೆಗೆ ಸಂಪತ್‌ಕುಮಾರರಿಗೆ ಫೋನ್ ಮಾಡಿದರು.

ಸಂಪತ್‌ಕುಮಾರರು ಆ ಹೊತ್ತಿಗೆ ಅಳದಂಗಡಿಯ ನೆಂಟರಲ್ಲಿಗೆ ಹೋಗಿ, ಬೆಳ್ತಂಗಡಿಯಲ್ಲಿ ಏನೋ ಕೆಲಸ ಮುಗಿಸಿ, ಮೂಡುಬಿದಿರೆಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಕೂತಿದ್ದರು. ಆ ಬಸ್ಸಿನ ಹಾರನ್ನಿನ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಅದನ್ನು ಮೀರಿ ಮಾತಾಡಬೇಕಾದ್ದರಿಂದ ಸಂಪತ್‌ಕುಮಾರರು ಕ್ಲಾಸಿನ ಹಿಂದಿನ ಬೆಂಚಿಗೂ ಕೇಳುವ ಸ್ವರ ತೆಗೆದರು.

‘‘ಹಲೋ! ಶುಕೂರ್ ಸಾಹೇಬ್ರಾ? ಎಂತ? ಎಡಗಡೆಯಾ? ಬಲಗಡೆ ಏನೂ ಇಲ್ವಾ?... ಟಪ್ ಅಂತ ಹೊಡೀತದೆ? ನಡು ನಡುವಲ್ಲಿ ಟಿಕ್ ಟಿಕ್?... ಎಷ್ಟು ದಿವಸ ಆಯ್ತು ಮಾರಾಯ್ರೆ? ಹೇಳ್ಬಾರದಾ!... ನಾನು ಹೇಳ್ತೇನೆ ಕೇಳಿ. ಅದು ಡ್ಯಾಕ್! ನೂರಕ್ಕೆ ನೂರು ಅದು ಡ್ಯಾಕ್! ಒಮ್ಮೆ ಪೂರ್ತಿ ಬಂದ್ ಆಗ್ಲಿ. ಮತ್ತೆ ಶುರುವಾಗ್ತದಾ ನೋಡುವ. ಆಗದಿದ್ರೆ ತೆಗೆದು ಬೇರೆ ಹಾಕುವ!’’

‘ಅದು ಡ್ಯಾಕ್’ ಎಂಬ ಎರಡು ಪದಗಳನ್ನು ಓಡುವ ಬಸ್ಸಿನಲ್ಲಿ, ಹಾರನ್ನಿನ ಗದ್ದಲದಲ್ಲಿ, ಬೇಗ ಬೇಗ ಹೇಳಿದರೆ ಏನಾಗುತ್ತದೆ ಎಂಬುದನ್ನು ಓದುಗರು ಬೇಕಾದರೆ ಹೇಳಿ ನೋಡಬಹುದು. ಸಂಪತ್‌ಕುಮಾರರ ಹಿಂದಿನ ಸೀಟಿನಲ್ಲಿ ಶಹನಾಝ್ ಕೂತಿದ್ದಳು. ಶುಕೂರಾಕನ ಮಗಳು ರಾಫಿಯಾಳ ನಾದಿನಿ. ಅವಳಿಗೆ ಕೇಳಿಸಿದ್ದು ಇಷ್ಟು: ಶುಕೂರ್ ಸಾಹೇಬರು, ಎಡಗಡೆ, ಅಟ್ಯಾಕ್, ಪೂರ್ತಿ ಬಂದ್.

ಅವಳು ರಾಫಿಯಾಳಿಗೆ ಫೋನ್ ಮಾಡಿದಳು. ರಾಫಿಯಾ ಅಳುತ್ತ ಮಾವ ಉನೈಸ್‌ಗೆ ಮಾಡಿದಳು. ಖದೀಜರಿಗೆ ಮಾಡಿದರೆ ಗ್ರೈಂಡರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ‘‘ಉಮ್ಮ ಫೋನ್ ತೆಗೀಲಿಲ್ಲ’’ ಎಂಬ ಮಾತು ಸುದ್ದಿಗೆ ಇದ್ದ ಅಲ್ಪಸ್ವಲ್ಪ ಸಂಶಯವನ್ನೂ ಪರಿಹರಿಸಿತು.

ಉನೈಸ್ ಒಂದು ಚಪ್ಪಲಿ ಹಾಕಿಕೊಂಡು ನೋಡುತ್ತಿದ್ದ ಗಿರಾಕಿಯನ್ನು ಹಾಗೆಯೇ ಹೊರಗೆ ಕಳಿಸಿ ಶಟರ್ ಎಳೆದ. ರಿಕ್ಷಾದಲ್ಲಿ ಬಂದು, ಮಹಡಿ ಮೆಟ್ಟಿಲನ್ನು ಹಾರಿ, ಕೋಣೆಯ ಬಾಗಿಲು ತೆಗೆದರೆ ಶುಕೂರಾಕ ನೆಲದ ಮೇಲೆ ಅಂಗಾತ ಮಲಗಿದ್ದರು. ಎಡಗೈ ಮೇಜಿನ ಕೆಳಗೆ, ಬಾಯಲ್ಲಿ ಸಣ್ಣ ಟಾರ್ಚು, ಕಣ್ಣು ಮೇಲಕ್ಕೆ. ಮೇಜಿನ ಹಿಂದೆ ಸಿಕ್ಕಿಬಿದ್ದ ಪ್ಲಗ್ಗನ್ನು ಅವರು ಹುಡುಕುತ್ತಿದ್ದರು. ಉನೈಸ್ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡ.

‘‘ಭಾವಾ!’’

ಟಾರ್ಚು ಬಾಯಲ್ಲಿದ್ದ ಕಾರಣ ಶುಕೂರಾಕ ‘‘ಊಂ... ಆಂ...’’ ಎಂದರು.

‘‘ಮಾತಾಡ್ಬೇಡಿ! ಮಾತಾಡ್ಬೇಡಿ ನೀವು!’’

ಶುಕೂರಾಕ ಟಾರ್ಚು ತೆಗೆದರು. ‘‘ಎಂತ ಮಾರಾಯ, ಹೆದರಿಸ್ತೀಯಲ್ಲ. ಬಂದದ್ದು ಒಳ್ಳೇದಾಯ್ತು. ನೋಡು, ಡ್ಯಾಕ್...’’

‘‘ಗೊತ್ತುಂಟು ಭಾವ, ಅಟ್ಯಾಕ್ ಅಂತ ಗೊತ್ತುಂಟು. ನೀವು ಅದರ ಹೆಸರು ಹೇಳ್ಬೇಡಿ.’’

‘‘ಅಟ್ಯಾಕ್ ಅಲ್ಲ ಮಾರಾಯ, ಡ್ಯಾಕ್!’’

‘‘ನಾಲಗೆ ತೊದಲ್ತದೆ!’’ ಎಂದು ಉನೈಸ್ ಮೆಟ್ಟಿಲಿನ ಕಡೆಗೆ ಬೊಬ್ಬೆ ಹೊಡೆದ. ‘‘ಕುರ್ಚಿ ಹಿಡೀಲಿಕ್ಕೆ ಯಾರಾದ್ರೂ ಬನ್ನಿ!’’

ಕೆಳಗಿನಿಂದ ರಿಕ್ಷಾದವನು ಬಂದ. ಹಾಡು ಕೇಳಲೆಂದೇ ತಂದ ಕುರ್ಚಿಯಲ್ಲಿ ಶುಕೂರಾಕನನ್ನು ಕೂರಿಸಿ ಇಬ್ಬರೂ ಮೆಟ್ಟಿಲಿಳಿಸಿದರು. ‘‘ನಾನು ನಡೀತೇನೆ, ಬಿಡಿ’’ ಎಂದು ಅವರು ಎದ್ದು ನಿಲ್ಲುವುದೂ, ‘‘ನಡೆದೇ ಎಷ್ಟೋ ಜನ ಹೋದದ್ದು’’ ಎಂದು ಉನೈಸ್ ಹೆಗಲು ಒತ್ತಿ ಕೂರಿಸುವುದೂ ದಾರಿಯುದ್ದಕ್ಕೂ ನಡೆಯಿತು. ಅಡಿಗೆಮನೆಯಿಂದ ಖದೀಜ ಕೈತುಂಬ ಅಕ್ಕಿಹಿಟ್ಟಿನೊಂದಿಗೆ ಹೊರಗೆ ಬಂದರು. ಗಂಡನನ್ನು ನೋಡಿದರು, ಕುರ್ಚಿಯನ್ನು ನೋಡಿದರು.

‘‘ಬೆಳಿಗ್ಗೆ ಸರೀ ತಿಂಡಿ ತಿಂದಿದ್ದಾರಲ್ಲ!’’ ಎಂದರು. ಆಮೇಲೆ ಹಿಟ್ಟಿನ ಕೈಯಲ್ಲೇ ಬಂದು ರಿಕ್ಷಾ ಹತ್ತಿ ಗಂಡನ ಎದೆಯ ಮೇಲೆ ಕೈಯಿಟ್ಟರು. ಶುಕೂರಾಕನ ಅಂಗಿಯ ಮೇಲೆ ಐದು ಬೆರಳಿನ ಅಚ್ಚು ಮೂಡಿತು. ಶುಕೂರಾಕ ಮತ್ತೆ ಏಳಲು ನೋಡಲಿಲ್ಲ.

ಬಿ.ಸಿ.ರೋಡಿನ ಆಸ್ಪತ್ರೆಯಲ್ಲಿ ಡಾಕ್ಟರು ಇಸಿಜಿ ತೆಗೆಸಿ, ಕಾಗದವನ್ನು ಬೆಳಕಿಗೆ ಹಿಡಿದು, ‘‘ನಾರ್ಮಲ್’’ ಎಂದರು.

‘‘ಅಂದರೆ ನಾರ್ಮಲ್ ಅಟ್ಯಾಕಾ ಡಾಕ್ಟ್ರೇ?’’ ಎಂದು ಉನೈಸ್ ಕೇಳಿದ.

ಡಾಕ್ಟರು ಅವನನ್ನು ಹೊರಗೆ ಕಳಿಸಿ ಶುಕೂರಾಕನ ಕಡೆ ತಿರುಗಿದರು. ‘‘ನೋವು ಎಲ್ಲಿತ್ತು?’’

‘‘ನೋವಿಲ್ಲ ಡಾಕ್ಟ್ರೇ. ಟಪ್ ಅಂತ ಶಬ್ದ ಮಾತ್ರ.’’

‘‘ಯಾವಾಗ?’’

‘‘ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಾಗ.’’

ಡಾಕ್ಟರು ಪೆನ್ನು ಕೆಳಗಿಟ್ಟರು. ‘‘ಈಗಲೂ ಹಾಡು ಕೇಳ್ತಾ ಉಂಟಾ?’’

‘‘ಈಗ ಇಲ್ಲ. ಮಹಡಿ ಕೋಣೆಯಲ್ಲಿ ಮಾತ್ರ.’’

‘‘ಬೇರೆ ಯಾರಿಗಾದ್ರೂ ಕೇಳ್ತದಾ?’’

‘‘ಕೇಳಿಸ್ತೇನೆ, ಬನ್ನಿ ಅಂತ ಎಷ್ಟೋ ಜನರನ್ನು ಕರೆದೆ. ಯಾರೂ ಬರ್ಲಿಲ್ಲ.’’

ಡಾಕ್ಟರು ಮೆತ್ತಗೆ ಕೇಳಿದರು: ‘‘ನೀವು ಒಬ್ಬರೇ ಇರುವುದಾ?’’

‘‘ಇಲ್ಲ, ಇಲ್ಲ. ಮನೆ ತುಂಬ ಜನ’’ ಎಂದರು ಶುಕೂರಾಕ. ಮತ್ತೆ ಸ್ವಲ್ಪ ಯೋಚಿಸಿ, ‘‘ಅವರು ಕೆಳಗೆ’’ ಎಂದರು.

ಡಾಕ್ಟರು ಹೊರಗೆ ಬಂದು ಖದೀಜರಿಗೆ, ಹೃದಯಕ್ಕೆ ಏನೂ ಆಗಿಲ್ಲ, ಆದರೆ ಸ್ವಲ್ಪ ದಿನ ಇವರನ್ನು ಒಬ್ಬರೇ ಬಿಡಬೇಡಿ ಎಂದರು. ಈ ಮಾತಿನ ಮೊದಲ ಅರ್ಧವನ್ನು ಯಾರೂ ನಂಬಲಿಲ್ಲ. ಎರಡನೆಯ ಅರ್ಧವನ್ನು ಪಾಣೆಮಂಗಳೂರು ಶಿರಸಾವಹಿಸಿ ಪಾಲಿಸಿತು.

ಶುಕೂರಾಕನನ್ನು ಕೆಳಗಿನ ಹಾಲಿನಲ್ಲಿದ್ದ ದಿವಾನದ ಮೇಲೆ ಮಲಗಿಸಿದರು. ಅಲ್ಲಿಂದ ಮುಂದೆ ಆ ಮನೆಗೆ ಬಂದ ಜನವನ್ನು ನೋಡಿದ್ದರೆ, ಅವರು ದೊಡ್ಡ ಪೆಟ್ಟಿಗೆಗಳೊಂದಿಗೆ ರಜೆಯಲ್ಲಿ ಬಂದಿದ್ದಾರೆಂದೇ ಯಾರಾದರೂ ತಿಳಿಯಬೇಕು. ದಾಳಿಂಬೆ ಬಂತು, ಎಳನೀರು ಬಂತು, ಉಪ್ಪಿಲ್ಲದ ಗಂಜಿ ಬಂತು. ಮಸೀದಿಯಲ್ಲಿ ಸಲಾಂ ಹೇಳಿ ಮುಂದೆ ಹೋಗುತ್ತಿದ್ದವರು ಈಗ ಕುರ್ಚಿ ಎಳೆದು ಕೂತು ತಮ್ಮ ತಮ್ಮ ಕುಟುಂಬದ ಅಟ್ಯಾಕುಗಳನ್ನು ವರ್ಣಿಸಿದರು. ಒಬ್ಬರ ಚಿಕ್ಕಪ್ಪನಿಗೆ ಮೀನು ಕತ್ತರಿಸುವಾಗ ಬಂದದ್ದು. ಇನ್ನೊಬ್ಬರ ಭಾವನಿಗೆ ಬಂದದ್ದೇ ಗೊತ್ತಾಗಲಿಲ್ಲ. ಗೊತ್ತಾದಾಗ ಅವರು ಇರಲಿಲ್ಲ. ಇದಕ್ಕೆ ಹೋಲಿಸಿದರೆ ಶುಕೂರಾಕನದು ಸಣ್ಣದು ಎಂದು ಎಲ್ಲರೂ ಧೈರ್ಯ ಹೇಳಿದರು.

‘‘ನನಗೆ ಬಂದದ್ದೇ ಇಲ್ಲ’’ ಎಂದರು ಶುಕೂರಾಕ.

‘‘ಬಂದವರೆಲ್ಲ ಮೊದಲು ಹೇಳುವುದು ಅದನ್ನೇ’’ ಎಂದರು ಐಸಮ್ಮ. ದಿವಾನದ ಪಕ್ಕದಲ್ಲೇ ಕೂತು ಈರುಳ್ಳಿ ಸುಲಿಯುತ್ತಿದ್ದರು. ಡಾಕ್ಟರರ ಆಜ್ಞೆಯ ಮೇರೆಗೆ ಅಡಿಗೆಮನೆಯ ಅರ್ಧ ಕೆಲಸ ಹಾಲಿಗೆ ವರ್ಗವಾಗಿತ್ತು. ಜುಲೈಕಾ ಈಗ ಗೋಡೆ ನೋಡುತ್ತಿರಲಿಲ್ಲ; ರೋಗಿಯನ್ನು ನೋಡಲಿಕ್ಕೆ ಅಡ್ಡಿಯಿಲ್ಲವಂತೆ.

ಬೆಳ್ತಂಗಡಿಯಿಂದ ರಾಫಿಯಾ ಬಂದಳು. ಬಂದವಳು ಅಪ್ಪನ ಕಾಲಬುಡದಲ್ಲಿ ಕೂತು, ಜನ ಕಡಿಮೆಯಾದಾಗ, ತಗ್ಗಿದ ಸ್ವರದಲ್ಲಿ ಕೇಳಿದಳು: ‘‘ಉಪ್ಪಾ, ನಿಜ ಹೇಳಿ. ಎದೆ ನೋವಿತ್ತಾ, ಇಲ್ವಾ? ನೀವು ಇಲ್ಲ ಅಂದರೆ ನಾನು ನಂಬ್ತೇನೆ. ನಂಬಿ, ನಾಳೆ ಬೆಳಿಗ್ಗೆಯ ಬಸ್ಸಲ್ಲಿ ಹೋಗ್ತೇನೆ.’’

ಸತ್ಯ ಹೇಳುವ ಮನುಷ್ಯನಿಗೆ ನಂಬುವ ಒಂದು ಜೀವ ಸಿಗುವುದು ದುರ್ಲಭ. ಶುಕೂರಾಕನಿಗೆ ಅದು ಸಿಕ್ಕಿತು. ಆದರೆ ಅವಳು ಬಸ್ಸಿನ ವಿಷಯ ಹೇಳಬಾರದಿತ್ತು.

‘‘ಸ್ವಲ್ಪ... ಇದ್ದ ಹಾಗೆ’’ ಎಂದರು ಶುಕೂರಾಕ.

ಒಮ್ಮೆ ಹೇಳಿದ ಮೇಲೆ ಅದನ್ನು ಚೆನ್ನಾಗಿಯೇ ನಡೆಸಬೇಕಾಯಿತು. ಮಾರನೆಯ ದಿನ ನೋವಿಗೆ ಒಂದು ಜಾಗ ಗೊತ್ತಾಯಿತು. ಅದರ ಮರುದಿನ ಅದು ಭುಜಕ್ಕೂ ಹರಡಿತು. ಯಾರೋ ಭುಜಕ್ಕೆ ಬಂತಾ ಎಂದು ಕೇಳಿದ್ದರು, ಇಲ್ಲವೆಂದು ಅವರ ಮನಸ್ಸು ನೋಯಿಸುವುದು ಯಾಕೆ? ರಾಫಿಯಾ ತಲೆಗೆ ಎಣ್ಣೆ ತಿಕ್ಕಿದಳು. ಉನೈಸ್ ದಿನವೂ ಅಂಗಡಿ ಮುಚ್ಚಿ ಬಂದು ತನ್ನ ಗಿರಾಕಿಗಳ ಕಾಲಿನ ಕಥೆ ಹೇಳಿದ. ಖದೀಜ ಆರ್ಡರ್ ಒಂದನ್ನು ಬೇಡವೆಂದು ವಾಪಸು ಕಳಿಸಿ ಗಂಡನ ಹತ್ತಿರ ಕೂತರು. ಕೂತು ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಶಾರ್ಜಾದ ಅಷ್ಟೂ ವರ್ಷ ಇವರಿಬ್ಬರ ಮಾತೆಲ್ಲ ಫೋನಿನಲ್ಲೇ ಆದದ್ದು. ಎದುರು ಕೂತಾಗ ‘‘ಮತ್ತೆ?’’ ‘‘ಮತ್ತೇನಿಲ್ಲ’’ ಎಂಬಲ್ಲಿಗೆ ಮುಗಿಯುತ್ತಿತ್ತು. ಆದರೂ ಖದೀಜ ಎದ್ದು ಹೋಗಲಿಲ್ಲ. ಮಹಡಿಯ ಡ್ಯಾಕಿನ ನೆನಪೇ ಶುಕೂರಾಕನಿಗೆ ಬರಲಿಲ್ಲ.

ಆಗ ಜುಬೈಲಿನಿಂದ ನಿಝಾಮ್‌ನ ಫೋನ್ ಬಂತು. ರಾಫಿಯಾ ಸ್ಪೀಕರಿಗೆ ಹಾಕಿ ದಿಂಬಿನ ಹತ್ತಿರ ಇಟ್ಟಳು. ಹಾಲಿನ ತುಂಬ ಜನ.

‘‘ಉಪ್ಪಾ, ಎಮರ್ಜೆನ್ಸಿ ರಜೆ ಸಿಕ್ಕಿತು. ನಾಳೆ ಬರ್ತೇನೆ. ಬರುವುದು ಮಾತ್ರ ಅಲ್ಲ, ನಾನು ಆಲೋಚನೆ ಮಾಡಿದ್ದೇನೆ. ನೀವು ಹೀಗಿರುವಾಗ ನಾನು ಇಲ್ಲಿ ಎಂತ ಮಾಡುವುದು? ಬಂದವನು ವಾಪಸು ಹೋಗುವುದಿಲ್ಲ, ಕ್ಯಾನ್ಸಲ್ ಮಾಡ್ತೇನೆ.’’

ಹಾಲಿನಲ್ಲಿ ಎಲ್ಲರೂ ‘‘ಎಂಥ ಮಗ!’’ ಎಂದು ತಲೆಯಾಡಿಸಿದರು. ಶುಕೂರಾಕ ದಿವಾನದಿಂದ ನೆಟ್ಟಗೆ ಎದ್ದು ಕೂತರು. ಮೂವತ್ತು ದಾಟದ ಹುಡುಗ ಇದೇ ಮನೆಯ ಇನ್ನೊಂದು ಮೂಲೆಯಲ್ಲಿ, ನೀರು ಕುಡಿದ ಲೋಟ ತೊಳೆದಿಡುತ್ತಿರುವುದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

‘‘ಬೇಡ! ನಿಝಾಮ್, ಕೇಳು...’’ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಕನ್ನಡಕದ, ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿದ, ಕೈಯಲ್ಲಿ ಕಪ್ಪು ಬ್ಯಾಗು ಹಿಡಿದ ಗೃಹಸ್ಥರೊಬ್ಬರು ಕಾಣಿಸಿಕೊಂಡರು.

‘‘ಶುಕೂರ್ ಸಾಹೇಬ್ರ ಮನೆ ಇದೇ ಅಲ್ವಾ? ನಾನು ಸಂಪತ್‌ಕುಮಾರ, ಮೂಡುಬಿದಿರೆ. ಎಷ್ಟು ಸಲ ಫೋನ್ ಮಾಡಿದ್ರೂ ತೆಗೀಲಿಲ್ಲ, ಹಾಗೆ ನಾನೇ ಬಂದೆ. ಹೇಗುಂಟು? ಈಗಲೂ ಟಪ್ ಅಂತದಾ?’’

‘‘ಈಗ ಭುಜಕ್ಕೂ ಬಂದಿದೆ ಡಾಕ್ಟ್ರೇ’’ ಎಂದು ಉನೈಸ್ ಎದ್ದು ನಿಂತು ಹೇಳಿದ.

‘‘ಭುಜಕ್ಕಾ?’’ ಸಂಪತ್‌ಕುಮಾರರಿಗೆ ಇದು ಅರ್ಥವಾಗಲಿಲ್ಲ. ಆದರೆ ಅರ್ಥವಾಗಲಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಅಧ್ಯಾಪಕರು ಅವರು. ‘‘ಚಿಂತೆ ಬೇಡ. ಹಳೇದನ್ನು ತೆಗೆದುಬಿಡುವ. ಬೇರೆ ಒಂದು ನಾನು ಬ್ಯಾಗಲ್ಲಿ ತಂದಿದ್ದೇನೆ.’’

‘‘ಬ್ಯಾಗಲ್ಲಿ?’’

‘‘ನನ್ನದೇ. ನನ್ನ ಹತ್ರ ಎರಡುಂಟು.’’

ಜುಲೈಕಾ ‘‘ಯಾ ಅಲ್ಲಾಹ್’’ ಎಂದು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

‘‘ಇಲ್ಲಿಯೇ ತೆಗೆಯುವುದಾ ಸರ್? ಆಸ್ಪತ್ರೆ ಬೇಡ್ವಾ?’’ ಎಂದು ಉನೈಸ್ ಕೇಳಿದ.

‘‘ಆಸ್ಪತ್ರೆ ಎಂತಕ್ಕೆ? ಹಿಂದೆ ಎರಡು ವಯರ್ ಎಳೆದರೆ ಬಂತು. ಕರೆಂಟ್ ಮಾತ್ರ ಬಂದ್ ಮಾಡ್ಬೇಕು’’ ಎಂದು ಸಂಪತ್‌ಕುಮಾರರು ಬ್ಯಾಗಿನ ಜಿಪ್ ಎಳೆದು, ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಎತ್ತಿ ಎಲ್ಲರಿಗೂ ತೋರಿಸಿದರು. ‘‘ಇದೇ ನೋಡಿ, ಡ್ಯಾಕ್.’’

ಹಾಲಿನಲ್ಲಿ ಈರುಳ್ಳಿ ಸುಲಿಯುವ ಸದ್ದೂ ನಿಂತಿತು. ಎಲ್ಲರೂ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಎಲ್ಲರೂ, ಒಬ್ಬರಾದ ಮೇಲೆ ಒಬ್ಬರು, ಶುಕೂರಾಕನನ್ನು ನೋಡಿದರು.

‘‘ನಾನು ಹೇಳಿದೆ’’ ಎಂದರು ಶುಕೂರಾಕ ಸಣ್ಣ ಸ್ವರದಲ್ಲಿ. ‘‘ಮೊದಲ ದಿನವೇ ಹೇಳಿದ್ದೆ.’’

‘‘ಮತ್ತೆ ಆ ಭುಜ?’’ ಎಂದು ರಾಫಿಯಾ ಕೇಳಿದಳು.

ದಿಂಬಿನ ಪಕ್ಕದಿಂದ ನಿಝಾಮ್‌ನ ಸ್ವರ ‘‘ಹಲೋ? ಉಪ್ಪಾ? ಯಾರು ಬಂದದ್ದು? ಎಂತ ತೆಗೆಯುವುದು?’’ ಎಂದು ಕೂಗುತ್ತಲೇ ಇತ್ತು. ಶುಕೂರಾಕ ಫೋನ್ ಎತ್ತಿಕೊಂಡು ಅಂಗಳಕ್ಕೆ ನಡೆದರು. ಎಷ್ಟೋ ದಿನಗಳ ಮೇಲೆ ರೋಗಿ ಸ್ವಂತ ಕಾಲಿನ ಮೇಲೆ ನಡೆದದ್ದನ್ನು ಕಂಡು ಯಾರೂ ಸಂತೋಷಪಡಲಿಲ್ಲ.

ಅಂಗಳದಲ್ಲಿ ಅವರು ಮಗನಿಗೆ ಎಲ್ಲವನ್ನೂ ಹೇಳಿದರು. ಬಸ್ಸಿನಿಂದ ಭುಜದವರೆಗೆ.

‘‘ಅಂದರೆ ನಿಮಗೆ ಏನೂ ಇಲ್ಲ?’’

‘‘ಏನೂ ಇಲ್ಲ ಮೋನೇ.’’

‘‘ಅಲ್‌ಹಮ್ದುಲಿಲ್ಲಾಹ್. ಹಾಗಾದರೆ ನಾನು ಬರುವುದು ಬೇಡ್ವಾ?’’

‘‘ಬೇಡ. ರಜೆ ಇರ್ಲಿ, ಹಬ್ಬಕ್ಕೆ ಬಾ. ಕ್ಯಾನ್ಸಲ್ ಮಾತ್ರ ಮಾಡ್ಬೇಡ. ನನ್ನ ಮಾತು ಕೇಳು.’’

‘‘ಆಯ್ತು’’ ಎಂದ ನಿಝಾಮ್. ‘‘ಟಿಕೆಟ್ ಮಾಡುವಾಗ ನನಗೆ ಖುಷಿಯಾಗಿತ್ತು ಉಪ್ಪಾ. ತಪ್ಪು ತಿಳ್ಕೊಳ್ಬೇಡಿ. ನಿಮಗೆ ಹೀಗಾಯ್ತು ಅಂತ ಅಲ್ಲ. ಮನೆಗೆ ಬರ್ಲಿಕ್ಕುಂಟಲ್ಲ ಅಂತ.’’

ಶುಕೂರಾಕ ಫೋನ್ ಇಟ್ಟು ಗೇಟು ಹಿಡಿದು ಸ್ವಲ್ಪ ಹೊತ್ತು ನಿಂತರು. ಒಳಗಿನಿಂದ ಜನ ಒಬ್ಬೊಬ್ಬರೇ ಹೊರಬಿದ್ದರು. ಒಬ್ಬರು ‘‘ಏನೂ ಇಲ್ಲದ್ದು ಒಳ್ಳೇದೇ ಆಯ್ತು’’ ಎಂದರು, ಮೋಸಹೋದವರ ದನಿಯಲ್ಲಿ. ಚಿಕ್ಕಪ್ಪನ ಅಟ್ಯಾಕನ್ನು ವರ್ಣಿಸಿದವರು ಸಲಾಂ ಕೂಡ ಹೇಳದೆ ಹೋದರು. ಉನೈಸ್ ‘‘ನನ್ನ ಶಟರ್ ಭಾವ! ಮದುವೆ ಸೀಸನ್ನಲ್ಲಿ ನನ್ನ ಶಟರ್!’’ ಎಂದಷ್ಟೇ ಹೇಳಿ ಬೈಕು ಹತ್ತಿದ. ರಾಫಿಯಾ ಜಗಳ ಮಾಡಲಿಲ್ಲ. ಅವಳು ಬ್ಯಾಗು ತುಂಬಿಕೊಂಡು, ಬಾಗಿಲಲ್ಲಿ ನಿಂತು, ‘‘ಸುಮ್ಮನೆ ಬಾ ಅಂದಿದ್ರೂ ಬರ್ತಿದ್ದೆ ಉಪ್ಪಾ’’ ಎಂದಳು. ಬರುತ್ತಿದ್ದಳೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಆದ್ದರಿಂದಲೇ ಅವಳ ಕಣ್ಣು ತೇವವಾಯಿತು.

ಇಷ್ಟಾದರೂ ಸಂಪತ್‌ಕುಮಾರರು ತಾವು ಬಂದ ಕೆಲಸ ಮರೆಯಲಿಲ್ಲ. ಮಹಡಿ ಹತ್ತಿ, ಹಾಡು ಹಾಕಿ, ಕಿವಿಗೊಟ್ಟು, ಟಪ್ ಬಂದ ಕೂಡಲೇ ಚಪ್ಪಾಳೆ ತಟ್ಟಿದರು. ಒಂದೊಂದು ಹಾಡು ಒಂದೊಂದು ವೇಗದಲ್ಲಿ ಅಂಕಿಗಳನ್ನು ಕಳಿಸುತ್ತದೆ, ವೇಗ ಬದಲಾದಾಗಲೆಲ್ಲ ಡ್ಯಾಕ್ ತಡವರಿಸಿ ಟಪ್ ಎನ್ನುತ್ತದೆ, ಸ್ಟ್ರೀಮರಿನಲ್ಲಿ ಎಲ್ಲವನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಬೇಕು ಎಂದು ವಿವರಿಸಿ ಹಾಗೆಯೇ ಮಾಡಿದರು. ಟಪ್ ನಿಂತಿತು. ‘‘ಮತ್ತೆ ಎಡಗಡೆ ಅಂದಿರಲ್ಲ, ಅದು ಎರಡೂ ಕಡೆ ಉಂಟು. ನಿಮ್ಮ ಕುರ್ಚಿ ಎಡಗಡೆ ಇರುವುದು, ಅಷ್ಟೇ’’ ಎಂದು ಪಾತ್ರೆಗಳನ್ನು ತೋರಿಸಿದರು. ಟಿಕ್ ಏನೆಂದು ಮಾತ್ರ ಅವರಿಗೂ ಹೊಳೆಯಲಿಲ್ಲ. ಕೊನೆಯ ಬಸ್ಸಿನ ಹೊತ್ತಾಗುವ ಮೊದಲು ಹೊರಟರು.

ಮಾರನೆಯ ದಿನ ಆರ್ಡರ್ ಇರಲಿಲ್ಲ. ಗಂಡನಿಗಾಗಿ ವಾಪಸು ಕಳಿಸಿದ್ದು ಅದೇ ದಿನದ್ದು. ಐಸಮ್ಮ, ಜುಲೈಕಾ ಬರಲಿಲ್ಲ. ಮನೆ ತಣ್ಣಗಿತ್ತು. ಶುಕೂರಾಕ ಮಹಡಿಯಲ್ಲಿ ಸೆಟ್ಟು ಹಾಕದೆ ಕೂತಿದ್ದರು. ಮೆಟ್ಟಿಲಿನಲ್ಲಿ ಹೆಜ್ಜೆ ಕೇಳಿಸಿತು. ಖದೀಜ ಬಂದು ಒಂದು ದೊಡ್ಡ ಪಾತ್ರೆಯನ್ನು ಮಗುಚಿ ಅದರ ಮೇಲೆ ಕೂತರು.

‘‘ಎಲ್ಲಿ, ಆ ಟಿಕ್ ಕೇಳಿಸಿ ನೋಡುವ.’’

ಶುಕೂರಾಕ ಹಾಡು ಹಾಕಿದರು. ಇಬ್ಬರೂ ಕಾದರು. ಹಾಡು ಮುಗಿಯಿತು.

‘‘ಬರ್ಲಿಲ್ಲವಲ್ಲ.’’

‘‘ಈಗ ಬರ್ತದೆ.’’

ಇನ್ನೊಂದು ಹಾಡು ಮುಗಿಯಿತು. ಮತ್ತೊಂದು. ಟಿಕ್ ಇಲ್ಲ. ‘‘ಇದೂ ಭುಜದ ಹಾಗೆಯಾ?’’ ಎಂದು ಖದೀಜ ಎದ್ದು ಕೆಳಗೆ ಹೋದರು. ಸ್ವಲ್ಪ ಹೊತ್ತಿಗೆ ಟಿಕ್.

‘‘ಬಂತು!’’ ಎಂದು ಶುಕೂರಾಕ ಮೆಟ್ಟಿಲ ತುದಿಯಿಂದ ಬೊಬ್ಬೆ ಹೊಡೆದರು. ‘‘ಈಗ ನೀನು ಎಂತ ಮಾಡಿದ್ದು?’’

‘‘ನಾನಾ? ದೋಸೆಗೆ ಅಕ್ಕಿ ಹಾಕಿ ಗ್ರೈಂಡರ್ ಸ್ವಿಚ್ ಒತ್ತಿದ್ದು!’’

‘‘ಬಂದ್ ಮಾಡು!’’

‘‘ಮಾಡಿದೆ!’’

ಟಿಕ್. ‘‘ಬಂತು! ಇನ್ನೊಮ್ಮೆ ಹಾಕು!’’

‘‘ಹಾಕಿದೆ! ಬಂತಾ?’’

‘‘ಬಂತು!’’

ಒಂದೆರಡು ಸಲದಲ್ಲೇ ವಿಷಯ ಗೊತ್ತಾಗಿತ್ತು. ಗ್ರೈಂಡರಿನ ಸ್ವಿಚ್ಚು ಸವೆದು ಕಿಡಿ ಹಾರುತ್ತಿತ್ತು. ಅದೇ ಲೈನಿನಿಂದ ಮಹಡಿಗೆ ಹೋದ ಕರೆಂಟು ಆ ಕಿಡಿಯ ಸದ್ದನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಆದರೂ ಅವರು ‘‘ಇನ್ನೊಮ್ಮೆ’’ ಎನ್ನುತ್ತಲೇ ಇದ್ದರು, ಖದೀಜ ‘‘ಬಂತಾ?’’ ಎನ್ನುತ್ತಲೇ ಇದ್ದರು. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಕೇಳಿ, ಈ ಮನೆಯ ಗೊಡವೆಯೇ ಬೇಡವೆಂದು ಮುಂದೆ ಹೋದರು.

ಮರುದಿನ ಶುಕೂರಾಕ ಬಿ.ಸಿ.ರೋಡಿನಿಂದ ಹೊಸ ಸ್ವಿಚ್ಚು ತಂದು, ಅಡಿಗೆಮನೆಯ ನೆಲದಲ್ಲಿ ಕೂತು ಗ್ರೈಂಡರನ್ನು ಬಿಚ್ಚಿದರು. ಆರ್ಡರ್ ಇತ್ತು, ಐಸಮ್ಮ, ಜುಲೈಕಾ ಬಂದಿದ್ದರು. ಮೊದಲು ಮಾತು ನಿಂತಿತು. ಆಮೇಲೆ, ನೆಲದಲ್ಲಿ ಕೂತ ಮನುಷ್ಯನನ್ನು ಎಷ್ಟು ಹೊತ್ತು ಗಂಭೀರವಾಗಿ ತೆಗೆದುಕೊಳ್ಳಲಾದೀತು? ಐಸಮ್ಮ ಶುರು ಮಾಡಿದರು: ‘‘ಅಲ್ಲ ಖದೀಜ, ಆ ಮೂಡುಬಿದಿರೆಯವರು ಬ್ಯಾಗ್ ತೆಗೆದಾಗ ನಾನು ಗ್ರಹಿಸಿದ್ದು ಅದರೊಳಗೆ ಹಾರ್ಟನ್ನು ಐಸ್ ಹಾಕಿ ತಂದಿದ್ದಾರೆ ಅಂತ!’’ ಜುಲೈಕಾ ನಕ್ಕಳು, ಖದೀಜ ನಕ್ಕರು, ಗ್ರೈಂಡರಿನ ಹಿಂದಿನಿಂದ ಶುಕೂರಾಕನೂ ನಕ್ಕರು. ಯಾರೂ ನಿಲ್ಲಿಸಲಿಲ್ಲ.

ಕೆಲಸ ಮುಗಿದ ಮೇಲೆ ಅಲ್ಲಿ ಕೂರಲು ನೆವವಿರಲಿಲ್ಲ. ಸ್ಕ್ರೂಡ್ರೈವರ್ ಒರೆಸಿ, ಕೈತೊಳೆದು, ಮಹಡಿಗೆ ಹೋದರು. ಹಾಡು ಹಾಕಿ ಕುರ್ಚಿಯಲ್ಲಿ ಕೂತರು. ಟಪ್ ಇಲ್ಲ, ಟಿಕ್ ಇಲ್ಲ. ಶಾರ್ಜಾದ ಗಾಜಿನ ಕೋಣೆಯಲ್ಲೂ ಅಷ್ಟು ಶುಭ್ರವಾದ ಸ್ವರ ಅವರು ಕೇಳಿರಲಿಲ್ಲ. ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಏನೂ ಇರಲಿಲ್ಲ. ಹಾಡುವವನ ಉಸಿರು ಕೇಳುತ್ತಿತ್ತು. ತನ್ನದೂ ಕೇಳುತ್ತಿತ್ತು. ಬೇರೆ ಯಾರದೂ ಇಲ್ಲ.

ಎರಡನೆಯ ಹಾಡು ಮುಗಿಯುವ ಮೊದಲೇ ಅವರು ಸೆಟ್ಟು ಬಂದ್ ಮಾಡಿ ಕೆಳಗಿಳಿದು, ಅಡಿಗೆಮನೆಯ ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತರು.

‘‘ಗ್ರೈಂಡರ್ ಪೂರ್ತಿ ಸರಿಯಾದ ಹಾಗೆ ಕಾಣುವುದಿಲ್ಲ’’ ಎಂದರು. ‘‘ಇನ್ನೊಮ್ಮೆ ನೋಡ್ಬೇಕಾ ಅಂತ.’’

ಗ್ರೈಂಡರು ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಐಸಮ್ಮ ಅದನ್ನೇ ಹೇಳಲು ಬಾಯಿ ತೆರೆದರು. ಖದೀಜ ಹಿಟ್ಟಿನ ಕೈಯಿಂದ ಅವರನ್ನು ತಡೆದು, ಗೋಡೆಗೊರಗಿದ್ದ ಮಣೆಯನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು.

‘‘ಹೌದು, ಎಂತದೋ ಶಬ್ದ ಮಾಡ್ತದೆ’’ ಎಂದರು. ‘‘ಕೂತ್ಕೊಂಡು ನಿಧಾನ ನೋಡಿ. ಅರ್ಜೆಂಟ್ ಇಲ್ಲ.’’